ಗಿರಣಿ ಚೆನ್ನಾಜಮ್ಮನ ಉತ್ತರಗಳು

ನಮ್ಮೂರಿನಲ್ಲಿ ಸರಿಯಾದ ಉತ್ತರ ಸಿಕ್ಕವರಿಗೆ ತಾವು ಪ್ರಶ್ನೆ ಕೇಳಿದ್ದೇ ಮರೆತುಹೋಗುತ್ತದೆ. ಉತ್ತರ ಮಾತ್ರ ತಲೆಯಲ್ಲಿ ಉಳಿಯುತ್ತದೆ, ಅದೂ ಹುಟ್ಟಿದಾಗಿನಿಂದ ಗೊತ್ತಿದ್ದ ವಿಷಯದ ಹಾಗೆ. ಬಸ್ ನಿಲ್ದಾಣದ ಹತ್ತಿರ ಯಾರಾದರೂ ದಾರಿ ಕೇಳಿದರೆ ನಾವು ಹೇಳಿ ಮುಗಿಸಿ ಅವರ ಮುಖ ನೋಡುತ್ತೇವೆ. ತಲೆಯನ್ನೂ ಆಡಿಸದೆ ನಡೆದುಬಿಟ್ಟರೆ ಹೇಳಿದ ದಾರಿ ಸರಿ. ಇನ್ನೂ ನಿಂತೇ ಇದ್ದರೆ ಎಡ-ಬಲ ಎಲ್ಲೋ ತಪ್ಪಿದೆ, ಮತ್ತೆ ಹೇಳಬೇಕು. ಕಾಯಿಲೆ ಏನೆಂದು ಸರಿಯಾಗಿ ಹೇಳಿದ ಕೂಡಲೇ ರೋಗಿ ಎದ್ದು ಹೊರಟುಬಿಡುವುದರಿಂದ ನಮ್ಮ ಡಾಕ್ಟರು ಮೊದಲು ಔಷಧಿ ಚೀಟಿ ಬರೆದು ಅವರ ಜೇಬಿಗೆ ತುರುಕಿ, ಆಮೇಲೆ ಬಾಯಿ ಬಿಡುತ್ತಾರೆ. ಶಾಲೆಯ ಮೇಷ್ಟರುಗಳ ಪಾಡಂತೂ ಕೇಳಬೇಡಿ. ಮೂವತ್ತು ವರ್ಷ ಪಾಠ ಹೇಳಿದರೂ ಊರಿನ ಒಬ್ಬರಾದರೂ ಅವರಿಂದ ಏನನ್ನೂ ಕಲಿತಂತೆ ಕಾಣುವುದಿಲ್ಲ. ಎಲ್ಲರೂ ತಮ್ಮಷ್ಟಕ್ಕೆ ತಾವೇ ಬುದ್ಧಿವಂತರಾದವರು.

ನಾನೂ ನನ್ನ ಬಗ್ಗೆ ಹಾಗೇ ಅಂದುಕೊಂಡಿದ್ದೆ. ಹೆಸರು ಅಂಬುಜಾಕ್ಷಿ. ಇಪ್ಪತ್ತೊಂಬತ್ತು ವರ್ಷ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿದ್ದೆ. ಕಡತ ಯಾವ ಕಪಾಟಿನ ಯಾವ ಅಂಕಣದಲ್ಲಿದೆ ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದೆ. ದಿನದಿನದ ಕೆಲಸವನ್ನು ನೋಟ್‌ಬುಕ್ಕಿನಲ್ಲಿ ಬರೆದಿಡುವ ಚಟ ಅಲ್ಲೇ ಅಂಟಿಕೊಂಡದ್ದು, ಬಿಟ್ಟಿಲ್ಲ. ಅದು ಒಳ್ಳೆಯದೇ ಆಯಿತು. ಈಗ ಹೇಳಹೊರಟಿರುವುದರಲ್ಲಿ ಒಂದು ಭಾಗ ನನಗೆ ನೆನಪೇ ಇಲ್ಲ, ಅದನ್ನು ನೋಟ್‌ಬುಕ್ ನೋಡಿಕೊಂಡೇ ಹೇಳಬೇಕು. ಅಕ್ಷರ ನನ್ನದೇ, ಆದ್ದರಿಂದ ನಂಬುತ್ತೇನೆ.

ನಮ್ಮೂರಿಗೆ ಆನ್‌ಲೈನಿನಲ್ಲಿ ಒಂದು ವೇದಿಕೆಯಿದೆ. ಹೆಸರು ಕೇಳುಕಟ್ಟೆ. ಫೋಟೊ ಸ್ಟುಡಿಯೊ ಶಿವನಂಜಪ್ಪನವರು ಹನ್ನೆರಡು ವರ್ಷದ ಹಿಂದೆ ಶುರು ಮಾಡಿದ್ದು. ಫೋನ್ ಇದ್ದವರು ಯಾರು ಬೇಕಾದರೂ ಪ್ರಶ್ನೆ ಹಾಕಬಹುದು, ಗೊತ್ತಿದ್ದವರು ಉತ್ತರ ಬರೆಯಬಹುದು. ನಾನು ನಿವೃತ್ತಳಾಗಿ ಮನೆಯಲ್ಲಿ ಕೂತಾಗ ಅಲ್ಲಿ ಮೂವತ್ತೊಂದು ಸಾವಿರ ಪ್ರಶ್ನೆಗಳು ಒಂದೇ ರಾಶಿಯಲ್ಲಿ ಬಿದ್ದಿದ್ದವು. ಹಲಸಿನ ಮೇಣ ಕೈಯಿಂದ ಬಿಡಿಸುವುದು ಹೇಗೆ ಎಂಬುದನ್ನು ನಾನೂರ ಹದಿನಾಲ್ಕು ಜನ ಬೇರೆಬೇರೆಯಾಗಿ ಕೇಳಿದ್ದರು. ಉತ್ತರ ಸಿಕ್ಕವನಿಗೆ ತಾನು ಕೇಳಿದ್ದೇ ನೆನಪಿರುವುದಿಲ್ಲವಾದ್ದರಿಂದ ಪಕ್ಕದ ಮನೆಯವನಿಗೆ ‘ಅಲ್ಲಿ ನೋಡು’ ಎಂದು ತೋರಿಸುವವರೇ ಇರಲಿಲ್ಲ. ನನಗಿಂತ ಮೊದಲು ಇದನ್ನು ನೋಡಿಕೊಳ್ಳುತ್ತಿದ್ದ ಲೂಯಿಸ್ ಸಾರ್ ಒಳ್ಳೆಯ ಮನುಷ್ಯ. ಬೆಳಿಗ್ಗೆ ತೆರೆದು ಸಂಜೆ ಮುಚ್ಚುತ್ತಿದ್ದರು, ನಡುವೆ ಒಂದು ಅಕ್ಷರವನ್ನೂ ಮುಟ್ಟುತ್ತಿರಲಿಲ್ಲ. ಅವರು ಮಗಳ ಊರಿಗೆ ಹೋದ ಮೇಲೆ ಶಿವನಂಜಪ್ಪನವರು ನನ್ನ ಮನೆಗೆ ಬಂದು, “ಅಂಬುಜಮ್ಮಾರೇ, ನಿಮ್ ಕೈಗೆ ಕೊಟ್ರೆ ಒಂದು ಶಿಸ್ತು ಬರುತ್ತೆ,” ಅಂದರು. ನನಗೂ ಕೈ ತುರಿಸುತ್ತಿತ್ತು.

ಕೈ ತೊಳೆದುಕೊಂಡು ಅದರ ಬೆನ್ನು ಹತ್ತಿದೆ. ಅಡುಗೆಗೆ ಒಂದು ಕೋಣೆ, ಆರೋಗ್ಯಕ್ಕೊಂದು, ರಿಪೇರಿಗೊಂದು, ಮನೆಮಂದಿಯ ವಿಷಯಕ್ಕೊಂದು, ಹೀಗೆ ಹನ್ನೊಂದು ಕೋಣೆ ಮಾಡಿದೆ. ಒಂದೇ ಪ್ರಶ್ನೆಯ ನಾನೂರು ಪ್ರತಿಗಳನ್ನು ಒಂದಕ್ಕೆ ಕಟ್ಟಿದೆ. ಇನ್ನು ಯಾವುದು ಮುಗಿದದ್ದು, ಯಾವುದು ಬಾಕಿ ಎಂದು ತಿಳಿಯಬೇಕಲ್ಲ? ಅದಕ್ಕೆ ಬೆಳಗಿನ ಫೋನ್ ಶುರು ಮಾಡಿದೆ. ಹಿಂದಿನ ದಿನ ಪ್ರಶ್ನೆ ಹಾಕಿದವರಿಗೆ ಕಾಫಿಯಾದ ಮೇಲೆ ಫೋನ್ ಮಾಡುವುದು, “ಹೊಲಿಗೆ ಯಂತ್ರದ ತುಕ್ಕು ತೆಗೆಯೋದು ಹೇಗೆ ಅಂತ ಕೇಳಿದ್ರಾ?” ಎನ್ನುವುದು. “ಹೂಂ ಕಣಮ್ಮ, ಯಾರೂ ಹೇಳ್ಲೇ ಇಲ್ವಲ್ಲ,” ಎಂದರೆ ಬಾಕಿ. “ನಾನಾ? ಅದನ್ನ್ಯಾಕೆ ಕೇಳ್ಲಿ, ನಂಗೇ ಗೊತ್ತಲ್ಲ!” ಎಂದು ರೇಗಿದರೆ ಮುಗಿದದ್ದು. ಜನರಿಂದ ಬೈಸಿಕೊಂಡಷ್ಟೂ ಕೆಲಸ ಚೆನ್ನಾಗಿ ನಡೆಯುತ್ತಿದೆ ಎಂದು ಖುಷಿಪಡುವ ಉದ್ಯೋಗ ಪ್ರಪಂಚದಲ್ಲಿ ಇದೊಂದೇ ಇರಬೇಕು.

ಎರಡು ತಿಂಗಳಲ್ಲಿ ಕೇಳುಕಟ್ಟೆ ಕನ್ನಡಿಯಾಯಿತು. ಉಳಿದದ್ದು ಒಂದೇ ತಲೆನೋವು. ‘ಗಿರಣಿ’ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಚೆನ್ನಾಜಮ್ಮ. ಹಳೇ ಪೇಟೆಯಲ್ಲಿ ಹಿಟ್ಟಿನ ಗಿರಣಿ ಇಟ್ಟುಕೊಂಡಿರುವ ಹೆಂಗಸು, ನನಗಿಂತ ಐದಾರು ವರ್ಷಕ್ಕೆ ದೊಡ್ಡವರು. ಯಾರು ಏನೇ ಕೇಳಲಿ, ಅವರ ಉತ್ತರ ಗಿರಣಿಯಿಂದಲೇ ಹೊರಡುತ್ತಿತ್ತು. ಹೊಲಿಗೆ ಯಂತ್ರದ ತುಕ್ಕಿಗೆ ಅವರು ಬರೆದದ್ದು ಹೀಗೆ ಶುರುವಾಗುತ್ತದೆ: ‘ಇವತ್ತು ಬೆಳಿಗ್ಗೆ ಬಾಗಿಲು ತೆಗೆದರೆ ನಮ್ಮ ಬೆಕ್ಕು ಗೋಧಿ ಚೀಲದ ಮೇಲೆ ಮಲಗಿತ್ತು. ಎಬ್ಬಿಸಲು ಮನಸ್ಸು ಬರಲಿಲ್ಲ.’ ಆಮೇಲೆ ನಲವತ್ತು ಸಾಲು. ಬೆಕ್ಕು, ಯಂತ್ರದ ಬೆಲ್ಟು, ಸೊಸೆ, ಮಳೆ ಬಾರದ್ದು, ಮೆಣಸಿನಪುಡಿ ಬೀಸಿದ ಮೇಲೆ ಗೋಧಿ ಬೀಸಿಸಲು ಬಂದವರ ಜಗಳ. ಮಧ್ಯೆ ಎಲ್ಲೋ ತುಕ್ಕಿನ ಮಾತು ಇದ್ದರೂ ಇರಬಹುದು, ಹುಡುಕುವ ತಾಳ್ಮೆ ಯಾರಿಗಿದೆ? ದೂರುಗಳು ಬರುತ್ತಲೇ ಇದ್ದವು. ನಾನು ಒಂದು ನಿಯಮ ಬರೆದೆ: ಉತ್ತರದ ಮೊದಲ ಸಾಲು ವಿಷಯವನ್ನು ಮುಟ್ಟಬೇಕು, ಮುಟ್ಟದಿದ್ದರೆ ತೆಗೆಯಲಾಗುವುದು. ಶಿವನಂಜಪ್ಪನವರು ಓದಿ ನೋಡದೆಯೇ ಒಪ್ಪಿದರು.

ಒಂದು ಶನಿವಾರ ಮಧ್ಯಾಹ್ನ ಊಟ ಮುಗಿಸಿ ಕೂತು ‘ಗಿರಣಿ’ ಬರೆದ ಆರುನೂರ ಹದಿನಾಲ್ಕು ಉತ್ತರಗಳನ್ನು ಒಂದೊಂದಾಗಿ ತೆರೆದೆ, ಮೊದಲ ಸಾಲು ನೋಡಿದೆ, ಅಳಿಸಿದೆ. ಎಲ್ಲವೂ ಮೊದಲ ಸಾಲಿನಲ್ಲೇ ಸೋತವು. ಆ ಪ್ರಶ್ನೆಗಳಲ್ಲಿ ಬಹಳಷ್ಟು ಎಂದೋ ಮುಗಿದವು, ಹಾಗಿದ್ದ ಮೇಲೆ ಈ ಹರಟೆ ಇದ್ದರೆಷ್ಟು ಬಿಟ್ಟರೆಷ್ಟು ಎಂದುಕೊಂಡೆ. ನನ್ನ ತಪ್ಪು ಅಲ್ಲೇ ಆದದ್ದು. ಬೆಳಗಿನ ಫೋನಿನಿಂದ ಪ್ರಶ್ನೆ ಮುಗಿಯಿತೆಂದು ತಿಳಿಯುತ್ತಿತ್ತೇ ಹೊರತು, ಇಪ್ಪತ್ತು ಉತ್ತರಗಳಲ್ಲಿ ಯಾವುದು ಅದನ್ನು ಮುಗಿಸಿತೆಂದು ತಿಳಿಯುತ್ತಿರಲಿಲ್ಲ. ಕೇಳಿದವನಿಗೇ ಮರೆತಿರುವಾಗ ಹೇಳುವವರು ಯಾರು? ಚೆನ್ನಾಜಮ್ಮನದಂತೂ ಆಗಿರಲಾರದು ಎಂದು ನಾನೇ ತೀರ್ಮಾನ ಮಾಡಿಬಿಟ್ಟಿದ್ದೆ. ಆ ಸಂಜೆ ಮನೆ ಗುಡಿಸಿ ಸಾರಿಸಿದಷ್ಟು ಹಗುರವಾಗಿ ಎರಡು ಲೋಟ ಕಾಫಿ ಕುಡಿದೆ.

ಭಾನುವಾರ ಬೆಳಿಗ್ಗೆ ಕೇಳುಕಟ್ಟೆ ತೆರೆದರೆ ಒಂದೇ ಸಮನೆ ಪ್ರಶ್ನೆಗಳು. ಅವೂ ಹಳೆಯವು. ಪೋಸ್ಟ್‌ಮ್ಯಾನ್ ಆಗಿದ್ದ ಅಂತೋಣಪ್ಪ ನಾಯಿಗಳು ತನ್ನನ್ನೇ ಯಾಕೆ ಅಟ್ಟಿಸಿಕೊಂಡು ಬರುತ್ತವೆ ಎಂದು ಕೇಳಿದ್ದ. ಏಳು ವರ್ಷದ ಹಿಂದೆ ಇದೇ ಪ್ರಶ್ನೆ ಹಾಕಿದ್ದ, ಮುಗಿದದ್ದು ಎಂಬ ಗುರುತೂ ಇತ್ತು. ಕಿತಾಪತಿ ಮಾಡುತ್ತಿದ್ದಾನೆ ಎಂದು ಫೋನ್ ಮಾಡಿದೆ.

“ಅಂತೋಣಪ್ಪ, ಇದನ್ನ ಹಿಂದೆ ಕೇಳಿದ್ದೆಯಾ?”

“ಕೇಳಿದ್ದೆ ಅಕ್ಕಾ. ಏಳು ವರ್ಷ ಆಯ್ತು. ಬೆಳಿಗ್ಗೆ ಎದ್ದಾಗ ನೆನಪಾಯ್ತು.”

ಕೈಲಿದ್ದ ಪೆನ್ನು ಕೆಳಗಿಟ್ಟೆ. ಮುಗಿದ ಪ್ರಶ್ನೆಯನ್ನು ‘ಕೇಳಿದ್ದೆ’ ಎಂದವರು ಈ ಊರಿನಲ್ಲಿ ಇದುವರೆಗೆ ಒಬ್ಬರೂ ಇರಲಿಲ್ಲ. ಆದರೂ ನನ್ನ ತಲೆ ಅತ್ತ ಓಡಲಿಲ್ಲ. ವಯಸ್ಸಾಯಿತು, ಏನೋ ಕಲಸಿಕೊಂಡಿದ್ದಾನೆ ಎಂದು ಅವನ ಪ್ರಶ್ನೆಯನ್ನು ಹಳೆಯದಕ್ಕೇ ಕಟ್ಟಿಹಾಕಿದೆ. ಮಧ್ಯಾಹ್ನದ ಹೊತ್ತಿಗೆ ಅಂಥವು ಅರವತ್ತಾದವು. ಎಲ್ಲವನ್ನೂ ಕಟ್ಟಿಹಾಕಿದೆ.

ಸೋಮವಾರ ತಂಗಿಯ ಮನೆಗೆ ಹೋದೆ. ವನಜಾಕ್ಷಿ ನನಗಿಂತ ಹನ್ನೊಂದು ವರ್ಷಕ್ಕೆ ಚಿಕ್ಕವಳು. ಅಮ್ಮ ಹೋದಾಗ ಅವಳಿಗೆ ನಾಲ್ಕು ವರ್ಷ. ಜಡೆ ಹಾಕಿ, ಊಟ ಕಲಸಿ, ಶಾಲೆಗೆ ಕಳಿಸಿ, ಮದುವೆ ಮಾಡಿದವಳು ನಾನೇ. ನನಗೆ ಅಂತ ಮದುವೆಯಾಗಲಿಲ್ಲ, ಅದರ ಬಗ್ಗೆ ದೂರೂ ಇಲ್ಲ. ಈ ಭೂಮಿಯ ಮೇಲೆ ನನ್ನವರು ಅಂತ ಇರುವುದು ಅವಳೊಬ್ಬಳೇ. ಅವಳು, ಗಂಡ ಸೇರಿ ಕೆರೆಯ ಹಿಂದಿನ ಬಡಾವಣೆಯಲ್ಲಿ ಮನೆ ಕಟ್ಟಿಸಿದ್ದರು, ಆ ಶುಕ್ರವಾರ ಗೃಹಪ್ರವೇಶ. ಸಾಮಾನು ಜೋಡಿಸಲು ಒಂದು ಕೈ ಆಗಲಿ ಎಂದು ಹೋದವಳು ನಾನು.

ಅವತ್ತು ಮಾಡಿದ್ದೆಲ್ಲ ನೆನಪಿದೆ. ಅವಳು ಸಾಲಾಗಿಟ್ಟಿದ್ದ ಡಬ್ಬಿಗಳನ್ನು ಇಳಿಸಿ, ಎತ್ತರದವು ಹಿಂದೆ, ಗಿಡ್ಡವು ಮುಂದೆ ಎಂದು ಮತ್ತೆ ಜೋಡಿಸಿದೆ. ದೇವರ ಪಟಗಳ ಮೊಳೆ ಕಿತ್ತು ಒಂದು ಗೇಣು ಮೇಲೆ ಹೊಡೆಸಿದೆ. ಮುಂಬಾಗಿಲಿಗೆ ಅವಳೇ ಆರಿಸಿದ ಹಸಿರು ಬಣ್ಣ ನೋಡಿ ಪೇಂಟರನ್ನು ಕರೆದು, “ಇದೇನಪ್ಪ, ಛತ್ರದ ಬಾಗಿಲಿನ ಹಾಗಿದೆ, ಕಂದು ಬಣ್ಣ ಬಳಿ,” ಎಂದೆ. ಅವನು ಅರ್ಧ ಬಾಗಿಲು ಬಳಿದಿದ್ದ, ಅಷ್ಟರಲ್ಲಿ ವನಜ ಅಂಗಡಿಯಿಂದ ಬಂದಳು. ಬಾಗಿಲು ನೋಡಿದಳು. ಒಳಗೆ ಹೋಗಿ ಡಬ್ಬಿ ನೋಡಿದಳು. ಕೈಚೀಲ ಕೆಳಗಿಡಲೇ ಇಲ್ಲ.

“ಒಂಬತ್ತು ವರ್ಷ ಚೆನ್ನಾಗಿದ್ಯಲ್ಲಕ್ಕ,” ಅಂದಳು. “ಬರ್ತಿದ್ದೆ, ಕೂತ್ಕೋತಿದ್ದೆ, ನಾನು ಕೊಟ್ಟಿದ್ದು ತಿಂತಿದ್ದೆ, ಎಷ್ಟು ಹಿತವಾಗಿತ್ತು. ಮತ್ತೆ ಶುರು ಮಾಡಿದ್ಯಾ?”

“ನಾನೇನೇ ಮಾಡ್ದೆ? ಅಡ್ಡಾದಿಡ್ಡಿ ಇತ್ತು, ಸರಿ ಮಾಡ್ದೆ.”

“ನನ್ ಮನೆ ಅಡ್ಡಾದಿಡ್ಡಿನೇ ಇರ್ಲಿ ಬಿಡು. ಶುಕ್ರವಾರ ನೀನು ಬರೋದು ಬೇಡ. ಬಂದ್ರೆ ಪುರೋಹಿತರ ಮಂತ್ರನೂ ತಿದ್ತೀಯ.”

ಅವಳು ಅಳುತ್ತಿದ್ದಳು. ನಾನು ಚಪ್ಪಲಿ ಮೆಟ್ಟಿಕೊಂಡು ಬಂದುಬಿಟ್ಟೆ. ಬಡಾವಣೆಯಿಂದ ನಮ್ಮ ಬೀದಿಯವರೆಗೆ ನಡೆದೇ ಬಂದೆ.

ಇಲ್ಲಿಂದ ಮುಂದಿನದು ನೋಟ್‌ಬುಕ್ಕಿನದು. ಸೋಮವಾರ ಸಂಜೆಯ ಪುಟದಲ್ಲಿ ಹೀಗಿದೆ: ‘ವನಜ ನನ್ನನ್ನು ಕಂಡರೆ ಯಾಕೆ ದೂರ ಸರಿಯುತ್ತಾಳೆ? ನಾನು ಅವಳಿಗೆ ಏನು ತಪ್ಪು ಮಾಡಿದೆ? ದಾರಿಯುದ್ದಕ್ಕೂ ಇದೇ ಪ್ರಶ್ನೆ. ಹೊಸದಲ್ಲ. ಒಂಬತ್ತು ವರ್ಷದ ಹಿಂದೆ ಇದನ್ನೇ ಕೇಳುಕಟ್ಟೆಯಲ್ಲಿ ಹಾಕಿದ್ದು ಈಗ ನೆನಪಾಗುತ್ತಿದೆ. ಇಷ್ಟು ದಿನ ಯಾಕೆ ನೆನಪಿರಲಿಲ್ಲ?’ ಮುಂದಿನ ಸಾಲುಗಳಲ್ಲಿ, ಕೇಳುಕಟ್ಟೆ ತೆರೆದು ಹುಡುಕಿದ್ದು, ಪ್ರಶ್ನೆ ನನ್ನದೇ ಹೆಸರಿನಲ್ಲಿ ಸಿಕ್ಕಿದ್ದು ಬರೆದಿದೆ. ಕೆಳಗೆ ಇಪ್ಪತ್ಮೂರು ಉತ್ತರಗಳು. ‘ನಿಮ್ಮದೇನೂ ತಪ್ಪಿಲ್ಲ, ಬೆಳೆಸಿದವರನ್ನು ಮರೆಯುವ ಕಾಲ ಇದು.’ ‘ಗಂಡನ ಮನೆಯವರ ಚಿತಾವಣೆ.’ ‘ಸ್ವಲ್ಪ ದಿನ ಮಾತು ಬಿಡಿ, ಅವಳೇ ಬರುತ್ತಾಳೆ.’ ಎಲ್ಲವನ್ನೂ ಎರಡೆರಡು ಸಲ ಓದಿದೆನಂತೆ, ಓದಿದ ಮೇಲೂ ಪ್ರಶ್ನೆ ಹಾಗೇ ಕೂತಿತ್ತಂತೆ. ಅಂದರೆ ಅವುಗಳಲ್ಲಿ ಒಂದೂ ಸರಿಯಲ್ಲ. ಹದಿನೈದನೆಯ ಉತ್ತರದ ಜಾಗದಲ್ಲಿ ಮಾತ್ರ ಬೂದು ಬಣ್ಣದ ಒಂದು ಸಾಲು ಇತ್ತು: ‘ಗಿರಣಿ ಬರೆದ ಈ ಉತ್ತರವನ್ನು ನಿರ್ವಾಹಕಿ ತೆಗೆದಿದ್ದಾರೆ. ಕಾರಣ: ವಿಷಯಕ್ಕೆ ಸಂಬಂಧವಿಲ್ಲ.’

ಆ ಪುಟದ ಕೊನೆಗೆ ದೊಡ್ಡ ಅಕ್ಷರದಲ್ಲಿ ಬರೆದುಕೊಂಡಿದ್ದೇನೆ: ‘ನಿರ್ವಾಹಕಿ ನಾನೇ.’

ಆಗ ಗೊತ್ತಾಯಿತು. ಬಾಯಲ್ಲಿ ಆಡಿದ ಉತ್ತರವನ್ನು ಯಾರೂ ಅಳಿಸಲಾರರು, ಆದ್ದರಿಂದ ನಮ್ಮ ಹಿರಿಯರಿಗೆ ಇದು ತಿಳಿಯುವ ಸಂದರ್ಭವೇ ಬಂದಿರಲಿಲ್ಲ. ಬರೆದ ಉತ್ತರವನ್ನು ಅಳಿಸಬಹುದು. ಅಳಿಸಿದರೆ ತಿಳಿವಳಿಕೆ ಹೊರಟುಹೋಗುತ್ತದೆ, ಪ್ರಶ್ನೆ ವಾಪಸು ಮನೆಗೆ ಬರುತ್ತದೆ. ಶನಿವಾರ ನಾನು ಗುಡಿಸಿದ್ದು ಹರಟೆಯನ್ನಲ್ಲ, ಊರಿನ ಅರ್ಧ ಜನರ ಬುದ್ಧಿಯನ್ನು. ಒಂಬತ್ತು ವರ್ಷ ನಾನು ವನಜಳ ಮನೆಯಲ್ಲಿ ಕೈ ಕಟ್ಟಿ ಕೂತದ್ದು ನನ್ನ ಸ್ವಂತ ವಿವೇಕವಾಗಿರಲಿಲ್ಲ. ಗಿರಣಿಯಲ್ಲಿ ಕೂತ ಒಬ್ಬ ಹೆಂಗಸು, ಬೆಕ್ಕಿನ ಕಥೆಯ ನಡುವೆ ಎಲ್ಲೋ ಬರೆದು ಕೊಟ್ಟದ್ದು. ನಾಚಿಕೆಯಿಂದ ಮುಖ ಬಿಸಿಯಾಯಿತು ಎಂದು ಬರೆದಿದ್ದೇನೆ. ಅದು ಓದದೆಯೂ ನೆನಪಿದೆ.

ಮಂಗಳವಾರ ಬೆಳಿಗ್ಗೆಯೇ ಸ್ಟುಡಿಯೊಗೆ ಓಡಿದೆ. ಶಿವನಂಜಪ್ಪನವರು ತಲೆ ಮೇಲೆ ಕೈ ಹೊತ್ತು ಕೂತಿದ್ದರು. “ಅಂಬುಜಮ್ಮಾರೇ, ಭಾನುವಾರದಿಂದ ನಾನು ತೆಗೆದ ಫೋಟೊದಲ್ಲೆಲ್ಲ ಜನ ಕಣ್ ಮುಚ್ಕೊಂಡಿದ್ದಾರೆ. ಇದಕ್ಕೇನೋ ಒಂದು ಉಪಾಯ ಇತ್ತು, ನಂಗೆ ಗೊತ್ತಿತ್ತು. ಈಗ ಗೊತ್ತಿಲ್ಲ,” ಅಂದರು. ಒಂದು ಮದುವೆ ಆಲ್ಬಂ ತೋರಿಸಿದರು. ಗಂಡು, ಹೆಣ್ಣು, ಎರಡೂ ಕಡೆಯ ಬೀಗರು, ಎಲ್ಲರೂ ಧ್ಯಾನಕ್ಕೆ ಕೂತಂತಿದ್ದರು. ಅಳಿಸಿದ್ದನ್ನು ವಾಪಸು ತರಲು ಬರುತ್ತದೆಯೇ ಎಂದು ಕೇಳಿದೆ. ಬರುವುದಿಲ್ಲ, ಹೋದದ್ದು ಹೋದದ್ದೇ ಎಂದರು. ಆ ಉತ್ತರ ಸರಿಯಾಗಿದ್ದಿರಬೇಕು. ಅದನ್ನು ನಾನು ಕೇಳಿದ್ದೂ ನೆನಪಿಲ್ಲ, ಇದನ್ನೂ ನೋಟ್‌ಬುಕ್ಕಿನಿಂದಲೇ ಹೇಳುತ್ತಿದ್ದೇನೆ.

ಬುಧವಾರ ಗಿರಣಿಗೆ ಹೋದೆ. ವಿಷಯ ಅಷ್ಟರಲ್ಲೇ ಊರೆಲ್ಲ ಹರಡಿ, ಹಳೇ ಪೇಟೆಯ ತಿರುವಿನವರೆಗೆ ಸಾಲು ನಿಂತಿತ್ತು. ಅಂತೋಣಪ್ಪ ನನ್ನ ಮುಂದೆ ನಾಲ್ಕನೆಯವನು. ಬರಿಗೈಯಲ್ಲಿ ಹೋಗುವುದು ಸಂಕೋಚವಾಗಿ ಎಲ್ಲರೂ ಒಂದಿಷ್ಟು ರಾಗಿಯೋ ಗೋಧಿಯೋ ತಂದಿದ್ದರು. ನಾನು ಚೀಲ ತಂದಿದ್ದೆ, ಒಳಗೆ ಏನೂ ಹಾಕಿಕೊಂಡಿರಲಿಲ್ಲ. ಒಬ್ಬೊಬ್ಬರೇ ಒಳಗೆ ಹೋಗುವುದು, ಯಂತ್ರದ ಸದ್ದಿನ ಮೇಲೆ ಚೆನ್ನಾಜಮ್ಮನ ದನಿ ಕೇಳಿಸುವುದು, ಸ್ವಲ್ಪ ಹೊತ್ತಿಗೆ ಆ ಮನುಷ್ಯ ಹಿಟ್ಟಿನ ಚೀಲ ಹಿಡಿದು, ಯಾಕಿಷ್ಟು ಜನ ಸೇರಿದ್ದಾರೆ ಎಂದು ಆಶ್ಚರ್ಯಪಡುತ್ತ ಹೊರಬರುವುದು. ಅಂತೋಣಪ್ಪನಂತೂ ಆಚೆ ಬಂದು, “ಏನಕ್ಕ, ಗಿರಣಿ ಕೆಟ್ಟೋಗಿತ್ತಾ, ಇಷ್ಟುದ್ದ ಲೈನು?” ಎಂದು ನನ್ನನ್ನೇ ಕೇಳಿದ. ಗಿರಣಿಯ ಮುಂದೆ ಮಲಗಿದ್ದ ನಾಯಿಯನ್ನು ಬಳಸಿ, ಅದರ ಕಡೆ ನೋಡದೆ, ನಿಧಾನಕ್ಕೆ ನಡೆದುಹೋದ. ನಾಯಿ ತಲೆಯೆತ್ತಲಿಲ್ಲ.

ನನ್ನ ಸರದಿ ಬಂದಾಗ ಚೆನ್ನಾಜಮ್ಮ ಯಂತ್ರ ನಿಲ್ಲಿಸಿದರು. ಹುಬ್ಬು, ರೆಪ್ಪೆ, ಮೂಗಿನ ನತ್ತು ಎಲ್ಲದರ ಮೇಲೂ ಹಿಟ್ಟು. ಕೂತುಕೊಳ್ಳಲು ಬೆಂಚು ತೋರಿಸಿದರು.

“ಚೆನ್ನಾಜಮ್ಮ, ತಪ್ಪಾಯ್ತು. ಓದದೆ ಅಳಿಸಿಬಿಟ್ಟೆ,” ಎಂದೆ.

“ಬೇಜಾರಾಗ್ಲಿಲ್ಲ ಅಂದ್ರೆ ಸುಳ್ಳಾಗುತ್ತೆ ಅಂಬುಜಮ್ಮಾರೇ. ಹನ್ನೆರಡು ವರ್ಷದ್ದು. ಭಾನುವಾರ ಗಿರಣಿ ಬಾಗಿಲೇ ತೆಗೀಲಿಲ್ಲ ನಾನು. ಬೆಕ್ಕಿನ ಜೊತೆ ಮಾತಾಡ್ಕೊಂಡು ಕೂತಿದ್ದೆ.”

“ನನಗೆ ನೀವು ಒಂಬತ್ತು ವರ್ಷದ ಹಿಂದೆ ಬರೆದದ್ದು ಏನು ಅಂತ ನೆನಪಿದ್ಯಾ?”

“ಎಲ್ಲಿ ನೆನಪಿರುತ್ತೆ! ಪ್ರಶ್ನೆ ಓದಿದ್ ಕೂಡ್ಲೇ ನಂಗೇನೂ ಹೊಳೆಯಲ್ಲ, ಬೇರೆಯವ್ರಂಗಲ್ಲ ನಾನು. ಮೊದ್ಲು ನನ್ ಬೆಕ್ಕಿನ್ ವಿಷ್ಯ, ಬೆಲ್ಟಿನ್ ವಿಷ್ಯ ಬರೀತಾ ಹೋಗ್ತೀನಿ. ಬರೀತಾ ಬರೀತಾ, ಈ ಮನುಷ್ಯಂಗೆ ನಿಜವಾಗ್ಲೂ ನೋಯ್ತಿರೋದು ಎಲ್ಲಿ ಅಂತ ಕಾಣಕ್ ಶುರುವಾಗುತ್ತೆ. ಅಷ್ಟೊತ್ತಿಗೆ ನಲವತ್ ಸಾಲಾಗಿರುತ್ತೆ. ಏನ್ ಮಾಡ್ಲಿ? ಮತ್ತೆ ಕೇಳಿ, ಮತ್ತೆ ಹೇಳ್ತೀನಿ. ಈ ಸಲ ಬಾಯಲ್ಲೇ ಹೇಳ್ತೀನಿ, ನಿಮ್ ಕೈಲಿ ಅಳ್ಸಕ್ಕಾಗ್ದಂಗೆ.”

ಅವರು ನಕ್ಕರು, ನನಗೆ ಅಳು ಬಂತು. ನಾನು ನೋಟ್‌ಬುಕ್ ತೆರೆದು, ಅವರು ಹೇಳಹೇಳುತ್ತಿದ್ದಂತೆ ಬರೆದುಕೊಳ್ಳುತ್ತ ಹೋದೆ. ಪುಟದ ಮೇಲೆ ಪ್ರಶ್ನೆ ಇದೆ. ಅದರ ಕೆಳಗೆ: ‘ಬೆಕ್ಕು ಮೂರು ಮರಿ ಹಾಕಿದೆ. ಒಂದು ಕಪ್ಪು. ಬೆಲ್ಟು ಸಡಿಲವಾಗಿದೆ. ಸೊಸೆ ಬಂದ ಹೊಸದರಲ್ಲಿ ಜರಡಿಯನ್ನು ಎಡಗಡೆಯ ಮೊಳೆಗೆ ನೇತುಹಾಕುತ್ತಿದ್ದಳು. ಇವರು ಅದನ್ನು ತೆಗೆದು ದಿನಾ ಬಲಗಡೆಯ ಮೊಳೆಗೆ ಹಾಕುತ್ತಿದ್ದರು. ಒಂದು ಮಾತೂ ಬೈದವರಲ್ಲ. ಆರು ತಿಂಗಳಾದ ಮೇಲೆ ಸೊಸೆ ಜರಡಿ ಮುಟ್ಟುವುದನ್ನೇ ಬಿಟ್ಟಳು. ಕೇಳಿದರೆ, ಅತ್ತೆ, ನೀವು’. ಅಲ್ಲಿಗೆ ಪೆನ್ನು ನಿಂತಿದೆ. ಒಂದು ಗೀಟು ಪುಟದ ಅಂಚಿನವರೆಗೆ ಜಾರಿಹೋಗಿದೆ.

ನನಗೆ ನೆನಪಿರುವುದು ಇಷ್ಟೇ. ಗಿರಣಿಯ ಬೆಂಚಿನ ಮೇಲೆ ಕೂತಿದ್ದೇನೆ, ಮಡಿಲಲ್ಲಿ ನೋಟ್‌ಬುಕ್ಕು, ಪಕ್ಕದಲ್ಲಿ ಖಾಲಿ ಚೀಲ. ಚೆನ್ನಾಜಮ್ಮ ಏನೋ ಹೇಳಿ ಮುಗಿಸಿದವರಂತೆ ನನ್ನ ಮುಖ ನೋಡುತ್ತಿದ್ದಾರೆ. ನಾನು ಯಾಕೆ ಬಂದೆ, ಚೀಲ ಯಾಕೆ ಖಾಲಿ ಎಂದು ಗಾಬರಿಯಾಗಿ ಎದ್ದೆ. “ರಾಗಿ ತರೋದೇ ಮರೆತು ಬಂದಿದ್ದೀನಿ ನೋಡಿ,” ಎಂದೆ. “ಇನ್ನೊಂದು ದಿನ ತಂದ್ರಾಯ್ತು, ಹೋಗ್ಬನ್ನಿ,” ಎಂದು ಅವರು ಯಂತ್ರ ಹಾಕಿದರು.

ಮನೆಗೆ ಬಂದು ನೋಟ್‌ಬುಕ್ ಓದಿ ಬೆರಗಾದೆ. ವ್ಯವಸ್ಥೆಯೆಂದರೆ ವ್ಯವಸ್ಥೆ, ನನಗೂ ಬೆಳಗಿನ ಫೋನಿನ ನಿಯಮವೇ. ‘ಅಂಬುಜಾಕ್ಷಿ, ತಂಗಿ ನಿನ್ನನ್ನು ಕಂಡರೆ ಯಾಕೆ ದೂರ ಸರಿಯುತ್ತಾಳೆ ಎಂದು ಕೇಳಿದ್ದೆಯಾ?’ ಎಂದು ಕೇಳಿಕೊಂಡೆ. ಕೇಳಿದ ನೆನಪು ಎಳ್ಳಷ್ಟೂ ಇಲ್ಲ. ಅದನ್ನು ಯಾರನ್ನಾದರೂ ಕೇಳಬೇಕೇ? ಇನ್ನೊಬ್ಬರು ಇಟ್ಟದ್ದನ್ನು ತೆಗೆದು ನಾವು ಬೇರೆ ಕಡೆ ಇಟ್ಟರೆ, ಬಾಯಿಬಿಟ್ಟು ಹೇಳದಿದ್ದರೂ ‘ನೀನು ಇಟ್ಟದ್ದು ತಪ್ಪು’ ಎಂದ ಹಾಗೆ. ವನಜ ನಾಲ್ಕು ವರ್ಷದವಳಿದ್ದಾಗಿನಿಂದ ದಿನಕ್ಕೆ ಇಪ್ಪತ್ತು ಸಲ ಅದನ್ನೇ ಕೇಳಿಕೊಂಡು ಬೆಳೆದಿದ್ದಾಳೆ. ತಾನು ತಪ್ಪಲ್ಲದ ಒಂದು ಜಾಗ ಅವಳಿಗೆ ಬೇಡವೇ? ಇದು ನನಗೆ ಮೊದಲಿಂದ ಗೊತ್ತಿರುವ ವಿಷಯ. ಗೊತ್ತಿದ್ದೂ ಸೋಮವಾರ ಆ ಬಾಗಿಲಿಗೆ ಕಂದು ಬಣ್ಣ ಹೊಡೆಸಿದ್ದು ಯಾರ ಕೈ ಎಂದು ನೋಡಿಕೊಂಡೆ.

ಗುರುವಾರ ಶಿವನಂಜಪ್ಪನವರ ಸ್ಟುಡಿಯೊದಲ್ಲಿ ಕೇಳುಕಟ್ಟೆಯ ನಿಯಮಗಳನ್ನು ಮತ್ತೆ ಬರೆದೆವು. ಇನ್ನು ಯಾರ ಉತ್ತರವನ್ನೂ ಅಳಿಸುವಂತಿಲ್ಲ, ಜರುಗಿಸಬಹುದು ಅಷ್ಟೆ. ಉದ್ದದ ಉತ್ತರಗಳಿಗೆ ಹನ್ನೆರಡನೆಯ ಕೋಣೆ, ಅದರ ಬಾಗಿಲ ಮೇಲೆ ‘ಪುರುಸೊತ್ತಿದ್ದವರು ಬನ್ನಿ’ ಎಂದು ಬರಹ. ಬೈಗುಳವನ್ನಾದರೂ ತೆಗೆಯಬಹುದಲ್ಲ ಎಂದೆ ನಾನು, ಬೈಗುಳದಿಂದ ಯಾರ ಪ್ರಶ್ನೆ ಮುಗಿಯುತ್ತದೆ? ಶಿವನಂಜಪ್ಪನವರು ತಲೆ ಕೆರೆದುಕೊಂಡು, “ಹಂಗ್ ಹೇಳಕ್ಕಾಗಲ್ಲ ಅಂಬುಜಮ್ಮಾರೇ, ನಮ್ಮಪ್ಪ ಒಂದ್ ಸಲ ಬೈದಿದ್ರಿಂದಾನೇ ನಾನು ಕ್ಯಾಮೆರಾ ಹಿಡಿದಿದ್ದು,” ಅಂದರು. ಕೊನೆಗೆ, ಬೈಗುಳವನ್ನು ಎಂಟು ದಿನ ಮರೆಯಲ್ಲಿಡುವುದು, ಬೈಸಿಕೊಂಡವರಿಗೆ ಆಮೇಲೆ ಫೋನ್ ಮಾಡಿ ಕೇಳುವುದು, ಅವರು ಬೇಡವೆಂದರೆ ಮಾತ್ರ ತೆಗೆಯುವುದು ಎಂದಾಯಿತು. ಚೆನ್ನಾಜಮ್ಮನ ಹಳೆಯ ಉತ್ತರಗಳಂತೂ ಬರುವುದಿಲ್ಲ. ಅವರು ಮತ್ತೆ ಬರೆಯಲಿ ಎಂದು ಹೊಸ ಕೋಣೆಯ ಮೊದಲ ಜಾಗವನ್ನು ಖಾಲಿ ಬಿಟ್ಟೆವು.

ಶುಕ್ರವಾರ ಬೆಳಿಗ್ಗೆ ಹಸಿರು ಅಂಚಿನ ಸೀರೆ ಉಟ್ಟು ಬಹಳ ಹೊತ್ತು ನಮ್ಮ ಮನೆಯ ಮೆಟ್ಟಿಲ ಮೇಲೆ ಕೂತೆ. ಬರಬೇಡ ಎಂದವಳ ಮನೆಗೆ ಹೋಗಬೇಕೇ? ಹೋಗದೆ ಉಳಿದರೆ ಇನ್ನು ಹೋಗಲಾರೆ ಎಂದು ಗೊತ್ತಿತ್ತು. ಮಾನ ಹೋದರೆ ಹೋಗಲಿ ಎಂದು ಎದ್ದೆ.

ಹೊಸ ಮನೆಯ ಬಾಗಿಲು ಅರ್ಧ ಕಂದು, ಅರ್ಧ ಹಸಿರು, ಸೋಮವಾರ ಬಿಟ್ಟ ಹಾಗೇ ಇತ್ತು. ಅವಳು ಅದನ್ನು ಮತ್ತೆ ಬಳಿಸಿರಲಿಲ್ಲ. ಮಾವಿನ ತೋರಣ ಒಂದು ಕಡೆ ಇಳಿಬಿದ್ದಿತ್ತು. ಎರಡೂ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡು ನಿಂತೆ. ಒಳಗೆ ಹೋಮದ ಹೊಗೆ, ಜನ, ಪಾತ್ರೆ ಸದ್ದು. ವನಜ ಅರಿಶಿನದ ಬಟ್ಟಲು ಹಿಡಿದು ಹೊರಗೆ ಬಂದವಳು ನನ್ನನ್ನು ಕಂಡು ನಿಂತಳು.

“ಒಂದೇ ಒಂದು ಹೇಳಕ್ಕ,” ಅಂದಳು, ಒಳಗಿನವರಿಗೆ ಕೇಳಿಸದಂತೆ. “ನಾನು ಮಾಡಿದ್ದನ್ನೆಲ್ಲ ನೀನು ಯಾಕೆ ಮತ್ತೆ ಮಾಡ್ತೀಯ?”

“ನಿನ್ ಒಳ್ಳೇದಕ್ಕೆ ಅಲ್ವೇನೇ?”

ಅವಳು ಕದಲಲಿಲ್ಲ. ಕಣ್ಣಲ್ಲಿ ಪ್ರಶ್ನೆ ಹಾಗೇ ಇತ್ತು. ನಮ್ಮೂರಿನವರಿಗೆ ಅದು ಮುಖ ನೋಡಿದರೇ ತಿಳಿಯುತ್ತದೆ.

“ಆಫೀಸಿನಲ್ಲಿ ಅಂಟಿದ ಚಟ,” ಎಂದೆ. ಅದಕ್ಕೂ ಅವಳು ಹಾಗೇ ನೋಡುತ್ತಿದ್ದಳು. ಇದನ್ನು ಚೆನ್ನಾಜಮ್ಮನೂ ಹೇಳಿಕೊಡಲಾರರು, ಕೇಳುಕಟ್ಟೆಯ ಹನ್ನೆರಡು ಕೋಣೆಗಳಲ್ಲೂ ಸಿಗುವುದಿಲ್ಲ. ಏನು ಹೇಳುತ್ತೇನೆಂದು ನನಗೇ ಗೊತ್ತಿರಲಿಲ್ಲ. ಮಾತಾಡಲು ಶುರು ಮಾಡಿದೆ.

“ಜಡೆ ಹಾಕ್ತಿದ್ದೆನಲ್ಲ ನಿಂಗೆ, ಆಗ ನೀನು ತಲೆ ಅಲ್ಲಾಡಿಸ್ದೆ ಕೂತ್ಕೋತಿದ್ದೆ. ದೊಡ್ಡವಳಾದ್ಮೇಲೆ ನೀನೇ ಹಾಕ್ಕೊಳ್ಳೋಕೆ ಶುರು ಮಾಡ್ದೆ. ಅವತ್ತು ಬಾಚಣಿಗೆ ಹಿಡ್ಕೊಂಡು ಏನ್ ಮಾಡ್ಬೇಕು ಅಂತ ಗೊತ್ತಾಗ್ಲಿಲ್ಲ ಕಣೇ. ನಿನ್ ಮನೇಲಿ ಏನೂ ಕೆಲಸ ಇಲ್ಲ ಅಂದ್ರೆ ನೀನು ನನ್ನ ಯಾಕೆ ಕರೀತೀಯ? ಎಲ್ಲಾ ಸರಿಯಾಗಿದ್ದುಬಿಟ್ರೆ ನಾನು ಯಾರಿಗೆ ಬೇಕು? ಭಯ ಆಗುತ್ತೆ ವನಜ. ಅದಕ್ಕೆ ಮಾಡ್ತೀನಿ.”

ಹೇಳಿದ ಮೇಲೆ ಅವಳ ಮುಖ ನೋಡುವ ಧೈರ್ಯವಾಗಲಿಲ್ಲ, ಬಾಗಿಲನ್ನೇ ನೋಡಿದೆ. ಅವಳು, “ಏನಕ್ಕ, ಹೊಸಲ ಹೊರಗೇ ನಿಂತುಬಿಟ್ಟೆ? ಕಾಲು ತೊಳ್ಕೊಂಡು ಒಳಗೆ ಬಾ,” ಅಂದಳು. ಆ ದನಿಯಲ್ಲಿ ಏನೂ ಇರಲಿಲ್ಲ. ಜಗಳವಾಡಿದ್ದನ್ನು ಮರೆತ ದನಿಯೂ ಅಲ್ಲ, ಕ್ಷಮಿಸಿದ ದನಿಯೂ ಅಲ್ಲ. ಏನನ್ನೂ ಕೇಳದವಳ ದನಿ. ನಾನು ಹೇಳಿದ್ದು ನಿಜ, ನನಗೇ ಗೊತ್ತಿಲ್ಲದ ನಿಜ.

ಒಳಗೆ ಊಟಕ್ಕೆ ಎಲೆ ಹಾಕುತ್ತಿದ್ದರು. ಅವಳ ನಾದಿನಿ ನನ್ನನ್ನು ಕಂಡು, “ಬನ್ನಿ ಅಕ್ಕಾ, ಪಲ್ಯ ಬಡಿಸೋಕೆ ಒಂದು ಕೈ ಕಡಿಮೆಯಿದೆ,” ಎಂದು ಸೌಟು ಚಾಚಿದಳು. ವನಜ ಅದನ್ನು ನಡುವೆಯೇ ತಡೆದು, ನನ್ನ ಭುಜ ಹಿಡಿದು ಸಾಲಿನ ಮೊದಲ ಎಲೆಯ ಮುಂದೆ ಕೂರಿಸಿದಳು.

“ನಮ್ಮಕ್ಕಂಗೆ ಕೆಲಸ ಕೊಡಬೇಡಿ,” ಅಂದಳು. “ಸುಮ್ನೆ ಕೂತ್ರೆ ಯಾರಿಗೂ ಬೇಡವಾಗ್ತೀನಿ ಅಂತ ಇವಳಿಗೆ ಭಯ. ಚಿಕ್ಕಂದಿನಿಂದ ನೋಡಿದ್ದೀನಲ್ಲ, ನಂಗೆ ಮೊದಲಿಂದಲೂ ಗೊತ್ತು.”